ಕಿಂಗ್ಸ್‌ಬರಿಯಲ್ಲಿ ಹತ್ತು ದಿನದ ಸೂತಕ

ನನ್ನ ಸೋದರತ್ತೆಗೆ ಅಮೆರಿಕದಲ್ಲಿ ಒಬ್ಬ ಅಕ್ಕ ಇದ್ದಳು. ಈ ಸಂಗತಿ ಆ ಅಕ್ಕನಿಗೆ ಮಾತ್ರ ಗೊತ್ತಿರಲಿಲ್ಲ, ಅಷ್ಟೆ!

ಆಕೆ ಹಳೆಯ ಕಾಲದ ಹೆಸರಾಂತ ಅಮೆರಿಕನ್ ಗಾಯಕಿ, ಸಿನಿಮಾ ನಟಿ. ಧಾರವಾಡದಿಂದ ಬಂದು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನೆಲೆಸಿದ ಅತ್ತೆ, ಪಾರ್ಕ್ ರಾಯಲ್‌ನ ಫ್ಯಾಕ್ಟರಿಯೊಂದರಲ್ಲಿ ಇಪ್ಪತ್ತು ವರ್ಷ ರೇಡಿಯೊದಲ್ಲಿ ಆಕೆಯ ಹಾಡು ಕೇಳುತ್ತ ಸಮೋಸಾ ಮಡಚಿದವರು. ಓದಲು ಬಂದು ಅವರ ಮನೆಯಲ್ಲಿ ಉಳಿದ ನನಗೆ ಊಟದ ಜೊತೆಗೆ ಆಕೆಯ ಜೀವನಚರಿತ್ರೆಯನ್ನೂ ಬಡಿಸುತ್ತಿದ್ದರು.

"ಹದಿನೇಳಕ್ಕ ಬ್ಯಾಂಡಿನ ಮುಂದ ನಿಂತು ಹಾಡಿದ್ಲು. ಇಪ್ಪತ್ತೈದಕ್ಕ ಸಿನಿಮಾ. ಸಿನಿಮಾ ಬಿದ್ವು, ಟಿವಿಗೆ ಬಂದ್ಲು. ಎರಡು ಗಂಡಂದಿರನ್ನ ಬಿಟ್ಲು, ಹಾಡು ಬಿಡಲಿಲ್ಲ. ನಿನಗ ಈಗ ಎಷ್ಟು?"

"ಇಪ್ಪತ್ನಾಲ್ಕು, ಅತ್ತೆ."

"ಮತ್ತ? ಬಸ್ ನಿಲ್ಸೋ ಗಂಟಿ ಒತ್ತಾಕ ನಾಚ್ತಿ!"

ನಿಜ. ಬೇರೆ ಯಾರಾದರೂ ಒತ್ತಲಿ ಎಂದು ಕಾದು, ಎರಡು ಸ್ಟಾಪ್ ಮುಂದೆ ಇಳಿದು, ವಾಕಿಂಗ್ ಒಳ್ಳೆಯದು ಎಂದುಕೊಳ್ಳುತ್ತ ಹಿಂದಕ್ಕೆ ನಡೆಯುವವಳು ನಾನು.

ಇಂಥ ನನ್ನ ಹೆಸರನ್ನು ಅತ್ತೆ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಕೊಟ್ಟುಬಿಟ್ಟರು! ಅಜ್ಜಿ ಹಾಡುತ್ತಿದ್ದ ಆರತಿ ಹಾಡು ನಾನು ಹಾಡಬೇಕು. "ನನ್ನ ಗಂಟಲು ಫ್ಯಾಕ್ಟರಿ ಥಂಡಿಗೆ ಹೋತು. ನಮ್ಮವ್ವನ ಹಾಡು ಒಮ್ಮೆ ನಾಕು ಮಂದಿ ಮುಂದ ಕೇಳ್ಬೇಕವಾ." ಕಲಿಸಿದರು, ಕಲಿತೆ. ನಾಲ್ಕು ವಾರ ನನಗೆ ಅನ್ನ ಸೇರಲಿಲ್ಲ.

ಹಬ್ಬಕ್ಕೆ ಆರು ದಿನವಿರುವಾಗ ಆ ಗಾಯಕಿ ತೀರಿಕೊಂಡ ಸುದ್ದಿ ರೇಡಿಯೊದಲ್ಲಿ ಬಂತು. ಅತ್ತೆ ಒಲೆ ಆರಿಸಿದರು.

"ಹತ್ತು ದಿನ ಸೂತಕ. ಒಗ್ಗರಣಿ ಇಲ್ಲ, ದೇವರ ದೀಪ ಇಲ್ಲ, ಹಬ್ಬ ಇಲ್ಲ."

"ಅತ್ತೆ, ಆಕೆಯದು ಯಾವ ಗೋತ್ರ?"

"ಬಾಯಿ ಮುಚ್ಚು. ನೀನೂ ತಲಿ ಮ್ಯಾಲೆ ನೀರು ಹಾಕ್ಕೊ."

ಹಾಕಿಕೊಂಡೆ. ಇಷ್ಟು ಆನಂದದಿಂದ ಜಗತ್ತಿನಲ್ಲಿ ಯಾರಾದರೂ ಸೂತಕ ಹಿಡಿದಿದ್ದಾರೆಯೇ? ತಲೆ ಒರೆಸಿಕೊಳ್ಳುವ ಮುಂಚೆಯೇ, ಸೂತಕ, ಹಾಡಲು ಬರುವಂತಿಲ್ಲ ಎಂದು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ.

"ಅಯ್ಯೋ, ಯಾರು ಹೋಗಿದ್ದಮ್ಮ?"

"ಅಮೆರಿಕದಲ್ಲಿ ಒಬ್ಬರು, ಸರ್."

"ತುಂಬ ಹತ್ತಿರದವರಾ?"

"ಅತ್ತೆಗೆ ತುಂಬ."

ಒಂದಕ್ಷರ ಸುಳ್ಳಿಲ್ಲ! ವಿದ್ಯಾಭ್ಯಾಸ ಇಂಥ ಸಮಯಕ್ಕೆ ಒದಗಿ ಬರುತ್ತದೆ.

ಯುಗಾದಿ ನಾನಿಲ್ಲದೆಯೇ ಮುಗಿಯಿತು. ಹನ್ನೊಂದನೆಯ ದಿನ ಅತ್ತೆ ಮಿಂದು, ದೀಪ ಹಚ್ಚಿ, ಒಲೆಯ ಮೇಲೆ ಒಗ್ಗರಣೆ ಸೌಟಿಟ್ಟರು. ಪಾರಾದ ಖುಷಿಯಲ್ಲಿದ್ದ ನಾನು ಕೆಣಕಿದೆ: "ಸ್ವಂತದವರಿಗೂ ಇಷ್ಟೊಂದು ಮಾಡ್ತಿದ್ರೋ ಇಲ್ವೋ!"

ಅತ್ತೆ ತಿರುಗಲಿಲ್ಲ.

"ನಿಮ್ಮಜ್ಜಿ ಹೋದ ಸುದ್ದಿ ಪತ್ರದಾಗ ಬಂತು. ಹದಿನೈದು ದಿನ ಆಗಿತ್ತು. ಆ ಹದಿನೈದೂ ದಿನ ನಾ ಇಕಿ ಹಾಡು ಹಾಡ್ಕೋತ, ನಕ್ಕೋತ ಸಮೋಸಾ ಮಡಚೀನಿ." ಸೌಟಿಗೆ ಎಣ್ಣೆ ಹಾಕಿದರು. "ಈ ಸಲ ಸುದ್ದಿ ಅವತ್ತಽ ಬಂತು ನೋಡು."

ಸೌಟಿನಲ್ಲಿ ಸಾಸಿವೆ ಸಿಡಿಯತೊಡಗಿತು. ಆ ಸದ್ದಿನ ಮರೆಯಲ್ಲಿ ಮೆಲ್ಲಗೆ ಅಜ್ಜಿಯ ಹಾಡು ಎತ್ತಿಕೊಂಡೆ.

ಸಾಸಿವೆ ಸುಮ್ಮನಾದ ಮೇಲೂ ನಿಲ್ಲಿಸಲಿಲ್ಲ.