ಮಾವನ ತೂಕ, ನನ್ನ ತೂಕ

ಮದುವೆ ಗೊತ್ತಾದ ಮೇಲೆ ಪ್ರತಿ ಭಾನುವಾರ ತಪ್ಪದೆ ನನ್ನ ತೂಕ ವಿಚಾರಿಸುತ್ತಿದ್ದ ಗಂಡಸು ಒಬ್ಬರೇ. ನಾನು ಕೈಹಿಡಿಯಬೇಕಿದ್ದ ಹುಡುಗನಲ್ಲ, ಅವನಿಗೆ ಆ ಧೈರ್ಯ ಇವತ್ತಿಗೂ ಬಂದಿಲ್ಲ. ಕೇಳುತ್ತಿದ್ದವರು ಪುಟ್ಟೇನಹಳ್ಳಿಯ ನನ್ನ ಸೋದರಮಾವ, ಅಮ್ಮನ ಅಣ್ಣ. ಆಗ ಅವರ ವಯಸ್ಸು ಅರವತ್ತೊಂದು, ತೂಕ ನೂರ ಹದಿನಾಲ್ಕು.

"ಎಷ್ಟಿದ್ದೀಯ ಮಗಾ?"

"ಐವತ್ತೆಂಟು ಮಾವ."

"ಓದ್ ವಾರ ಐವತ್ತೇಳೂವರೆ ಅಂದಿದ್ದೆ. ನಾನ್ ಇಲ್ಲಿ ಇಳುಸ್ತಾ ಇದ್ರೆ ನೀನ್ ಅಲ್ಲಿ ಏರುಸ್ತಾ ಕೂತಿದ್ದೀಯಲ್ಲ."

ಕಾರಣ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಾವನ ತಲೆ ಸರಿಯಿಲ್ಲ ಅಂದುಕೊಳ್ಳುತ್ತೀರಿ. ನಮ್ಮಲ್ಲಿ ಹೆಣ್ಣನ್ನು ಮದುವೆ ಮಂಟಪಕ್ಕೆ ಸೋದರಮಾವ ಎತ್ತಿಕೊಂಡು ಬರಬೇಕು. ಈಗೆಲ್ಲ ಎಷ್ಟೋ ಕಡೆ ಕೈ ಹಿಡಿದು ನಡೆಸಿಕೊಂಡು ಬಂದು ಶಾಸ್ತ್ರ ಮುಗಿಸುತ್ತಾರೆ. ಮಾವ ಒಪ್ಪಬೇಕಲ್ಲ? ನಾನು ಹುಟ್ಟಿದ ದಿನವೇ ಎತ್ತುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದರಂತೆ. ಆಗ ನಾನು ಎರಡೂಮುಕ್ಕಾಲು ಕೆಜಿ, ಮಾತು ಕೊಡುವುದು ಸುಲಭ. ಈಗ ಅವರಿಗೆ ಎರಡೂ ಮಂಡಿ ನೋವು, ಜೊತೆಗೆ ಸಕ್ಕರೆ ಕಾಯಿಲೆ. ದಿವಾನದಿಂದ ತಮ್ಮನ್ನು ತಾವು ಎತ್ತಿಕೊಳ್ಳುವುದಕ್ಕೇ ಒಂದು 'ಶಿವಾ' ಮತ್ತು ಒಬ್ಬ ಅತ್ತೆ ಬೇಕಾಗಿತ್ತು.

ಯಲಹಂಕದ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಬರೆದರು. ಸಕ್ಕರೆಯೂ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಕಡಿಮೆ ಡೋಸಿನಿಂದ ಶುರು ಮಾಡಿ, ನಾಲ್ಕು ವಾರ ನೋಡಿ, ಮೈ ಒಗ್ಗಿದರೆ ಒಂದೊಂದೇ ಮೆಟ್ಟಿಲು ಏರಿಸಬೇಕು ಎಂದರು.

"ಮದ್ವೆಗೆ ಆರೇ ತಿಂಗ್ಳೈತೆ ಸಾರ್. ಮೊದ್ಲೇ ಮೇಲಿನ್ ಮೆಟ್ಲು ಕೊಟ್ಬುಡಿ."

"ಅಲ್ಲಿಂದ ಬೀಳ್ತೀರಿ," ಎಂದರು ಡಾಕ್ಟರು.

ಚುಚ್ಚುವವರು ಯಾರು? ಪೆನ್ನಿನಂಥ ಸಾಧನ, ಕೂದಲೆಳೆಯಂಥ ಸೂಜಿ, ಮನೆಯಲ್ಲೇ ಹೊಟ್ಟೆಗೆ ಹಾಕಿಕೊಳ್ಳಬಹುದು. ಆದರೆ ಮಾವ ಸೂಜಿ ನೋಡಲಾರರು. ಸೈಟಿಗೆ ಬೇಲಿ ಹಾಕಲು ಬಂದ ಪುಂಡರನ್ನು ಬರೀ ಕೆಮ್ಮಿಯೇ ಓಡಿಸಿದ ಮನುಷ್ಯ ಇವರು! ಅತ್ತೆಗೆ ಕೈ ನಡುಗುತ್ತದೆ. ಹಾಗಾಗಿ ಪ್ರತಿ ಭಾನುವಾರ ಆರ್.ಟಿ. ನಗರದಿಂದ ನಾನು ಹೋಗಬೇಕಾಯಿತು. ಮಾವ ಬನಿಯನ್ ಎತ್ತಿ, ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ, ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ನಿನ್ ಕಿವಿ ಚುಚ್ಚುವಾಗ ತೊಡೆ ಮೇಲೆ ಕೂರುಸ್ಕಂಡಿದ್ದೋನು ನಾನೇ ಕಣಮ್ಮ. ನೀನ್ ಅಳ್ಲಿಲ್ಲ. ನಾನೇ ಅತ್ತಿದ್ದು."

ಮೊದಲ ನಾಲ್ಕು ವಾರ ಏನೂ ಆಗಲಿಲ್ಲ. ಡೋಸು ಒಂದು ಮೆಟ್ಟಿಲು ಏರಿದ್ದೇ ತಡ, ಹೊಟ್ಟೆ ತೊಳಸು, ಹುಳಿತೇಗು ಶುರುವಾಯಿತು. ಡಾಕ್ಟರು ಉಪಾಯ ಹೇಳಿ ಕಳಿಸಿದ್ದರು: ಸ್ವಲ್ಪ ಸ್ವಲ್ಪ ತಿನ್ನಿ, ಕರಿದದ್ದು ಬೇಡ, ಉಂಡ ತಕ್ಷಣ ಮಲಗಬೇಡಿ, ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಿರಿ. ನೀವೇ ಹೇಳಿ, ರಾಗಿಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಮುರಿಯುವುದು, ಸಾರಿನಲ್ಲಿ ಅದ್ದುವುದು, ನುಂಗುವುದು. ಹಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. ಮಾವ ಬೀದಿಬಾಗಿಲು ಹಾಕಿಸಿ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ ಮುದ್ದೆ ಅಗಿದರು.

"ಎಂಗೈತೆ?" ಎಂದರು ಅತ್ತೆ.

ಮಾವನ ಹಲ್ಲಿಗೆಲ್ಲ ಮುದ್ದೆ ಅಂಟಿತ್ತು. ಬಾಯಿ ಬಿಡಲು ಆಗುತ್ತಿರಲಿಲ್ಲ. "ಗೋಡೆಗೆ ಸಿಮೆಂಟ್ ಮೆತ್ತಿದಂಗೈತೆ," ಎಂದರು ಕೊನೆಗೆ.

ಹೊತ್ತಿಗೆ ಎರಡು ಮುದ್ದೆ ಇದ್ದದ್ದು ಒಂದಾಯಿತು, ಅರ್ಧವಾಯಿತು, ಆಮೇಲೆ ನಿಂಬೆಹಣ್ಣಿನ ಗಾತ್ರಕ್ಕೆ ಬಂತು. ಅತ್ತೆ ಅದನ್ನು ತಟ್ಟೆಯಲ್ಲಿಟ್ಟು ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲುತ್ತಿದ್ದರು. ಅಷ್ಟರಲ್ಲಿ ಮಲಬದ್ಧತೆಯೂ ಬಂತು. ಒಂದು ದಿನ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಮೂರು ಸಲ ಫೋನ್ ಬಂತು, ಗಾಬರಿಯಾಗಿ ಹೊರಗೆ ಓಡಿ ಎತ್ತಿದೆ.

"ಆಯ್ತು ಮಗಾ."

"ಏನಾಯ್ತು ಮಾವ?"

"ಆಯ್ತು ಅಂದ್ನಲ್ಲ. ನಾಲ್ಕ್ ದಿನ ಆದ್ಮೇಲೆ."

ಒಳಗೆ ಬಂದಾಗ ಮ್ಯಾನೇಜರು ಏನು ವಿಷಯವೆಂದು ಕೇಳಿದರು. ಮನೆಯಲ್ಲಿ ಒಳ್ಳೆಯ ಸುದ್ದಿ ಎಂದೆ.

ಇದನ್ನೆಲ್ಲ ನನಗೆ ಹೇಳುತ್ತಿದ್ದ ಮನುಷ್ಯ ಡಾಕ್ಟರ ಮುಂದೆ ಮಾತ್ರ ಕಲ್ಲಾಗಿ ಕೂತರು. ತೊಂದರೆ ಇದೆಯೇ ಎಂದು ಕೇಳಿದ್ದಕ್ಕೆ "ಆರಾಮ್ ಸಾರ್" ಎಂದರು. ನಿಜ ಹೇಳಿದರೆ ಡೋಸು ಏರಿಸುವುದಿಲ್ಲ, ತೂಕ ಇಳಿಯುವುದಿಲ್ಲ, ನನ್ನನ್ನು ಎತ್ತಲಾಗುವುದಿಲ್ಲ, ಅವರ ಲೆಕ್ಕ ಅಷ್ಟೇ. ಪಾಪ, ಡಾಕ್ಟರು ನಂಬಿ ಇನ್ನೊಂದು ಮೆಟ್ಟಿಲು ಏರಿಸಿದರು.

ಅದಾದ ಎರಡನೇ ದಿನವೇ ಮಾಕಳಿಯಲ್ಲಿ ಗಂಡಿನ ಮನೆಯವರು ಊಟಕ್ಕೆ ಕರೆದಿದ್ದರು. ಮಾವನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಹುಡುಗನ ತಾಯಿ ಕೂರದೆ ಓಡಾಡಿಕೊಂಡು ಬಡಿಸಿದರು, "ಇನ್ನೊಂಚೂರು ಅಣ್ಣ, ಇದೊಂದ್ ಪೀಸು ಅಣ್ಣ" ಎನ್ನುತ್ತಾ. ಬೇಡವೆಂದರೆ ಹೆಣ್ಣಿನ ಕಡೆಯವರಿಗೆ ಜಂಬ ಅಂದುಕೊಂಡಾರು ಎಂದು ಮಾವ ಒಂದೂವರೆ ಮುದ್ದೆ ನುಂಗಿದರು, ಮಟನ್ ಸಾರಿನ ಜೊತೆ. ಹತ್ತೇ ನಿಮಿಷ. ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಎಲ್ಲವೂ ಹೊರಬಂತು.

ನಾನು ಬೆನ್ನು ನೀವುತ್ತಿದ್ದೆ. ಸಂಬಂಧ ಇಲ್ಲಿಗೇ ಮುಗಿಯಿತು ಅಂದುಕೊಂಡೆ. ಹುಡುಗನ ತಾಯಿ ಒಂದು ಲೋಟ ಶುಂಠಿ ನೀರು ಹಿಡಿದು ಬಂದವರು ಮಾವನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು.

"ಯಾವ್ ಡೋಸು ಅಣ್ಣ?"

ಮಾವ ಬಾಯಿ ಒರೆಸಿಕೊಳ್ಳುತ್ತಾ ಹೇಳಿದರು.

"ನಂದೂ ಅದೇ ಇಂಜೆಕ್ಷನ್. ನಿಮ್ಗಿಂತ ಒಂದ್ ಮೆಟ್ಲು ಕೆಳ್ಗಿದೀನಿ. ಅದ್ಕೇ ನಿಂತ್ಕಂಡ್ ಬಡುಸ್ತಿದ್ದೆ, ಕೂತ್ರೆ ನಾನೂ ತಿನ್ಬೇಕಲ್ಲ."

ಅವತ್ತಿನಿಂದ ಇಬ್ಬರೂ ಫೋನಿನಲ್ಲಿ ಹೊಟ್ಟೆಯ ಕಷ್ಟಸುಖ ಹಂಚಿಕೊಳ್ಳತೊಡಗಿದರು. ನನ್ನ ಆಫೀಸಿಗೆ ಬರುತ್ತಿದ್ದ ಫೋನು ನಿಂತಿತು. ಮದುವೆಗೆ ಮುಂಚೆಯೇ ಅತ್ತೆಮನೆಯಿಂದ ನನಗೆ ಆದ ಮೊದಲ ಉಪಕಾರ ಅದು.

ಮುಂದಿನ ಸಲ ಡಾಕ್ಟರ ಬಳಿ ನಾನೇ ಜೊತೆಗೆ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಡೋಸು ಒಂದು ಮೆಟ್ಟಿಲು ಇಳಿಸಿ, ಮದುವೆ ಮುಗಿಯುವವರೆಗೂ ಅದರಲ್ಲೇ ಇರಿ ಎಂದರು. ಊಟ ಕಡಿಮೆಯಾದರೆ ಕೊಬ್ಬಿನ ಜೊತೆ ಕಸುವೂ ಕರಗುತ್ತದೆ, ಮೊಟ್ಟೆ, ಕಾಳು ತಿನ್ನಿ, ನೀರು ಕುಡಿಯಿರಿ, ಕೈಕಾಲಿಗೆ ವ್ಯಾಯಾಮ ಕೊಡಿ ಎಂದರು.

"ಮಗೀನ್ ಎತ್ಬೋದಾ ಸಾರ್?"

ಇಪ್ಪತ್ತೊಂಬತ್ತು ವರ್ಷದ ಮಗುವನ್ನು ಡಾಕ್ಟರು ಮೇಲಿಂದ ಕೆಳಗೆ ನೋಡಿ ಬೇಡವೆಂದರು. ಆಮೇಲೆ ಮಾವನ ಮುಖ ನೋಡಿ, "ನಾಲ್ಕು ಹೆಜ್ಜೆ. ಪಕ್ಕದಲ್ಲಿ ಇಬ್ಬರು ಇರಬೇಕು," ಎಂದರು.

ಅಂಗಳದಲ್ಲಿ ಅಭ್ಯಾಸ ಶುರುವಾಯಿತು. ಹಸುವಿಗೆ ತಂದ ಬೂಸಾ ಮೂಟೆಯನ್ನು ಮೊದಲು ಕಾಲು ಭಾಗ ತುಂಬಿಸಿ ಎತ್ತಿದರು, ಮುಂದಿನ ತಿಂಗಳು ಅರ್ಧ, ಆಮೇಲೆ ಪೂರ್ತಿ. ಮೂಟೆಗೆ ನನ್ನ ಹೆಸರಿಟ್ಟಿದ್ದರು. "ಅವ್ಳನ್ನ ನೆರಳಿಗಿಡು, ಬಿಸ್ಲು," ಎಂದು ಅತ್ತೆಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಮದುವೆಯ ಹೊತ್ತಿಗೆ ಮಾವ ತೊಂಬತ್ತೊಂಬತ್ತಕ್ಕೆ ಇಳಿದಿದ್ದರು.

ಮದುವೆ ಬಿದ್ದದ್ದೂ ಭಾನುವಾರವೇ. ಬೆಳಿಗ್ಗೆ ಕೈತುಂಬ ಮೆಹಂದಿ, ಬಳೆ ಹಾಕಿಕೊಂಡೇ ಛತ್ರದ ರೂಮಿನಲ್ಲಿ ಮಾವನಿಗೆ ಇಂಜೆಕ್ಷನ್ ಕೊಟ್ಟೆ. ಅವತ್ತು ಅವರು ಕಿವಿ ಚುಚ್ಚಿದ ಕಥೆ ಹೇಳಲಿಲ್ಲ.

ಮುಹೂರ್ತಕ್ಕೆ 'ಶಿವಾ' ಎಂದು ನನ್ನನ್ನು ಎತ್ತಿದರು. ಅತ್ತೆ ಒಂದು ಪಕ್ಕ, ಅಮ್ಮ ಇನ್ನೊಂದು ಪಕ್ಕ. ಮೊದಲು ಮೆತ್ತಗಿದ್ದ ಹೆಗಲಿನಲ್ಲಿ ಈಗ ಮೂಳೆ ಕೈಗೆ ಸಿಗುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಮಂಟಪ ಬಂತು.

"ನಾಲ್ಕಾಯ್ತು ಮಾವ, ಇಳಿಸಿ."

ಇಳಿಸಲಿಲ್ಲ. ಓಲಗದ ಸದ್ದಿನಲ್ಲಿ ನನ್ನೊಬ್ಬಳಿಗೇ ಕೇಳುವಂತೆ ಕೇಳಿದರು: "ಮುಂದಿನ್ ಭಾನ್ವಾರ ನಂಗೆ ಇಂಜೆಕ್ಷನ್ ಯಾರ್ ಆಕ್ತಾರೆ ಮಗಾ?"

ಅಲ್ಲಿಯವರೆಗೂ ಅಳದೆ ಇದ್ದವಳು ಅತ್ತುಬಿಟ್ಟೆ. "ಮಾಕಳಿ ಏನ್ ಮಹಾ ದೂರ ಮಾವ? ನಾನೇ ಬರ್ತೀನಿ," ಎಂದೆ.

ಆಮೇಲೆ ಇಳಿಸಿದರು.