ಸೋಮವಾರಕ್ಕೆ ಸೊನ್ನೆ

ಗೋಪಾಲಪ್ಪ ಗ್ರಾಫ್ ಬರೆಯುವ ಸಾಫ್ಟ್‌ವೇರನ್ನು ಹೋದ ವಾರ ಮನೆಯ ಕಂಪ್ಯೂಟರಿಗೆ ಹಾಕಿಕೊಂಡದ್ದು ತನ್ನ ಸಾಧನೆಯನ್ನು ತಾನೇ ಕಣ್ತುಂಬ ನೋಡಲು. ಹೊಸೂರಿನ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅಂಟಿಕೊಂಡ ಸಕ್ಕರೆ ಕಾಯಿಲೆ ಈಗ ಪಥ್ಯ, ಮಾತ್ರೆ, ನಡಿಗೆಗಳಿಗೆ ಬೆದರಿ ಮುನ್ನೂರರಿಂದ ನೂರಹತ್ತಕ್ಕೆ ಬಂದಿತ್ತು.

ಶುಕ್ರವಾರ ಬೆಳಿಗ್ಗೆ ಅಂಕಿಗಳನ್ನು ತುಂಬಿದ. ಗೀಟು ಗುಡ್ಡದಿಂದ ಜಾರುವ ಮೇಕೆಯ ಹಾಗೆ ಇಳಿಯಿತು. ಮುಂದೇನಾಗುತ್ತದೆಂದು ತೋರಿಸುವ ಗುಂಡಿಯೂ ಇತ್ತು. ಒತ್ತಿದ. ಇಂದಿಗೆ ನಿಂತಿದ್ದ ಗೀಟು ಚುಕ್ಕೆ ಚುಕ್ಕೆಯಾಗಿ, ಕತ್ತಲಲ್ಲಿ ಯಾರೋ ಹೆಜ್ಜೆ ಇಟ್ಟಂತೆ ಮುಂದೆ ಹೋಗಿ, ಸೋಮವಾರ ಸೊನ್ನೆಗೆ ಮುಟ್ಟಿ ನಿಂತಿತು.

ಕರಿಬೇವು ಕೇಳಲು ಬಂದ ಮಹಡಿ ಮನೆಯ ಕನಕಮ್ಮ ಇಣುಕಿದರು. "ಸೊನ್ನೆ ಅಂದ್ರೆ?"

"ಏನೂ ಇರಲ್ಲ ಅಂತ," ಎಂದ ಗೋಪಾಲಪ್ಪ.

"ಅಯ್ಯೋ ಕಡವುಳೇ, ದೇವ್ರೇ! ಸೋಮವಾರಕ್ಕೇನಾ?"

ಹೆಂಡತಿ ಆದಿಲಕ್ಷ್ಮಿ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಊರಲ್ಲಿರಲಿಲ್ಲ, ಸೋಮವಾರವೇ ಬರುವುದು.

ಕೂಗು ಕೇಳಿ ಬಂದ ಪಕ್ಕದ ಮನೆಯ ಶ್ಯಾಮಣ್ಣ, "ಒಬ್ಬ ಡಾಕ್ಟ್ರ ಮಾತೇ ನಂಬ್ತಾರಾ? ಇನ್ನೊಂದ್ ಸಾಫ್ಟ್‌ವೇರ್ ಹಾಕಣ್ಣ," ಎಂದ.

ಇನ್ನೊಂದು ಹಾಕಿದ್ದಾಯಿತು. ಅದರ ಗೀಟು ನಾಗರಹಾವಿನಂತೆ ಬಾಗಿ ಭಾನುವಾರವೇ ನೆಲ ಕಚ್ಚಿತು.

"ಹಳೇದೇ ವಾಸಿ, ಒಂದಿನ ಜಾಸ್ತಿ ಕೊಟ್ಟಿತ್ತು," ಎಂದು ಗೋಪಾಲಪ್ಪ ನರಳಿದ.

ಮೂರನೆಯದರಲ್ಲಿ ಗೀಟು ಇಳಿದು, ತಿರುಗಿ, ಸರ್ರನೆ ಪರದೆಯಾಚೆಗೆ ಏರಿತು. ಗೋಪಾಲಪ್ಪ ಉಸಿರು ಬಿಟ್ಟ.

"ಮ್ಯಾಲಕ್ಕೋಯ್ತದೆ ಅಂದ್ರೂ ಅದೇ ಅಲ್ವೇನಣ್ಣಾ?" ಎಂದರು ಕನಕಮ್ಮ, ಗೋಡೆಯ ಮೇಲಿನ ಫೋಟೋ ನೋಡುವಂತೆ ಅವನನ್ನೇ ನೋಡುತ್ತ.

ಶ್ಯಾಮಣ್ಣ ಮೆಲ್ಲಗೆ ಆದಿಲಕ್ಷ್ಮಿಗೆ, "ಅಣ್ಣ ಬಾಳ ಒಳ್ಳೇವ್ರಾಗಿದ್ರು," ಎಂದ.

"ಇನ್ನೂ ಇದೀನಿ ಕಣ್ಲಾ!"

"ಸಕ್ಕರೆ ಇಳಿಯೋದ್ ತಾನೇ ಕಾಟ? ಏರ್ಸ್‌ಬುಡಣ," ಎಂದು ಕನಕಮ್ಮ ಒಬ್ಬಟ್ಟು ಮಾಡಲು ಎದ್ದರು. ಬೀದಿಯ ಮನೆಮನೆಯಿಂದ ಜಹಾಂಗೀರು, ಸಿಹಿ ಪೊಂಗಲು, ಬೆಲ್ಲದ ಪಾನಕ ಬಂದವು. ಆದಿಲಕ್ಷ್ಮಿ ಬೇಡವೆಂದರೂ ಗೋಪಾಲಪ್ಪ ಕಣ್ಣು ಮುಚ್ಚಿ ನುಂಗಿದ. ಕಣ್ಣು ಮುಚ್ಚಿದಾಗಲೆಲ್ಲ ಆ ಚುಕ್ಕೆಗಳು ತನ್ನತ್ತಲೇ ನಡೆದು ಬರುತ್ತಿದ್ದವು.

ಸಂಜೆ ಮೋಡ ಕವಿಯಿತು. ಎಲ್ಲರೂ ನೋಡುತ್ತಿರುವಂತೆಯೇ ಗೋಪಾಲಪ್ಪ ಮೊದಲ ಸಾಫ್ಟ್‌ವೇರನ್ನೇ ತೆರೆದ. ಗೀಟು ಮಾಯವಾಗಿತ್ತು. ಪರದೆ ಕಪ್ಪಾಗಿ, ಬಿಳಿಯ ಇಂಗ್ಲಿಷ್ ಅಕ್ಷರಗಳು ಮೂಡಿದವು. ಆಗಷ್ಟೇ ಕೃಷ್ಣಗಿರಿಯ ಕಾಲೇಜಿನಿಂದ ಬಂದ ಮಗಳು ಸಹನಾ ಅವನ್ನು ಓದಿ ಕನ್ನಡದಲ್ಲಿ ಹೇಳಿದಳು: "ನಿಮ್ಮ ಅವಧಿ ಇಂದಿಗೆ ಮುಗಿಯಿತು."

"ಭಾನುವಾರನೂ ಕಾಯ್ಲಿಲ್ವಲ್ಲಪ್ಪಾ!" ಎಂದು ಕನಕಮ್ಮ ಗೋಳಿಟ್ಟರು. ಗೋಪಾಲಪ್ಪ ತನ್ನ ನಾಡಿಯನ್ನು ತಾನೇ ಹಿಡಿದು ಹುಡುಕತೊಡಗಿದ.

"ಯಾಕಳ್ತೀರಾ?" ಎಂದಳು ಸಹನಾ. "ಇದನ್ನ ಬಿಟ್ಟಿ ಕೊಡೋದು ಒಂದೇ ವಾರ. ಅವಧಿ ಮುಗ್ದಿರೋದು ಸಾಫ್ಟ್‌ವೇರಿಗೆ!" ನಡೆದದ್ದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡಳು. "ಇಳಿಯೋ ಗೀಟನ್ನ ಹಂಗೇ ಉದ್ದಕ್ಕೆ ಎಳ್ದದೆ, ಅಷ್ಟೆ. ನೂರಹತ್ತು ಅಂದ್ರೆ ನೀನು ಸರಿಹೋಗಿದ್ದೆ ಕಣಪ್ಪಾ!"

ನೆರೆಯವರು ಸದ್ದಿಲ್ಲದೆ ತಮ್ಮ ತಮ್ಮ ಡಬ್ಬಿಗಳನ್ನು ಎತ್ತಿಕೊಂಡರು. ಹೋದ ಜೀವ ಬಂದಂತಾಗಿ ಗೋಪಾಲಪ್ಪ ಬೆರಳು ಚುಚ್ಚಿ ಸಕ್ಕರೆ ನೋಡಿದ. ಯಂತ್ರ ಬಹಳ ಹೊತ್ತು ಯೋಚಿಸಿತು. ಅಂಕಿ ಬರಲಿಲ್ಲ, ಎರಡು ಇಂಗ್ಲಿಷ್ ಅಕ್ಷರ ಬಂದವು: ಎಚ್, ಐ.

"ನೋಡ್ಲಾ ಶ್ಯಾಮಣ್ಣ, ಇದೂ ಖುಷಿಯಾಗಿ ಹಾಯ್ ಅಂತದೆ!"

ಸಹನಾ ಇಣುಕಿ ನೋಡಿದಳು. ಅವಳ ಮುಖ ಬಿಳಿಚಿತು.

"ಅಪ್ಪಾ, ಅದು ಹಾಯ್ ಅಲ್ಲ, ಹೈ. ಸಕ್ಕರೆ ಲೆಕ್ಕಕ್ಕೇ ಸಿಗ್ದಷ್ಟು ಏರ್ಬುಟ್ಟದೆ. ಶ್ಯಾಮಣ್ಣಮಾವಾ, ಆಟೋ ಕರೀರಿ!"