ಒಂದು ಬೆಲ್, ಎರಡು ಬೆಲ್

ನಮ್ಮ ಕಾಕಾ ರಿಟೈರಾಗಿ ಹನ್ನೊಂದು ವರ್ಷವಾಯಿತು. ಬಸ್ಸಿನಿಂದ ಮಾತ್ರ ಇನ್ನೂ ಇಳಿದಿಲ್ಲ! ಪುಣೆಯ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು, ಒಂದು ಬೆಲ್ಲಿಗೆ ಗಾಡಿ ನಿಲ್ಲಿಸಿ ಎರಡು ಬೆಲ್ಲಿಗೆ ಬಿಟ್ಟವರು. ಈಗ ಶಿವಾಜಿನಗರದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಬೇಕು, ಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಚಮಚದಿಂದ ಲೋಟಕ್ಕೆ ಒಮ್ಮೆ ಬಡಿದರೆ ನಿಲ್ಲಿಸಬೇಕು, ಎರಡು ಸಲ ಬಡಿದರೆ ಬಡಿಸಬೇಕು. ಇಡೀ ಮನೆ ಪಾಲಿಸುತ್ತದೆ. ಅವರ ಹೆಂಡತಿ, ನಮ್ಮ ಕಾಕು ಒಬ್ಬರೇ ಯಾವ ಬೆಲ್ಲಿಗೂ ನಿಲ್ಲದ ಎಕ್ಸ್‌ಪ್ರೆಸ್ ಗಾಡಿ.

ಲೋಣಾವಳಾದಲ್ಲೊಂದು ಮದುವೆ. ಮಂಗಳಾಷ್ಟಕದ ಶ್ಲೋಕ ಎಂಟು ದಾಟಿ ಹದಿಮೂರಕ್ಕೆ ಹೋದಾಗ ಕಾಕಾ ತಾಳಲಾರದೆ ಕೀಲಿಕೈಯಿಂದ ಕುರ್ಚಿಯ ಕಾಲಿಗೆ ಒಂದು ಬಡಿದರು. ಭಟ್ಟರು ಗಕ್ಕನೆ ನಿಂತರು. ಆಮೇಲೆ ಎರಡು ಬಡಿಯುವುದನ್ನು ಕಾಕಾ ಮರೆತರು ನೋಡಿ, ವರ ಮಾಲೆ ಎತ್ತಿಕೊಂಡು ನಿಂತೇ ಇದ್ದ!

ಇಂಥವರಿಗೆ ನನ್ನ ಮಗಳೆಂದರೆ ಜೀವ. ಅವಳಿಗೆ ಆರು ವರ್ಷ. ಆಟಿಸಂ ಇದೆ, ಮಾತು ಬಂದಿಲ್ಲ. ಮಿಕ್ಸರು, ಟಿವಿ, ನಮ್ಮ ಹರಟೆ ಎಲ್ಲ ಒಟ್ಟಿಗೆ ಸೇರಿದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾಳೆ. ಸಾಕು ಎನ್ನಲು ಅವಳಿಗೆ ದಾರಿಯಿಲ್ಲ. ಮಣಿಕಟ್ಟಿನ ಗಾಯ ನೋಡಿದ ಮೇಲೆಯೇ ನಮಗೆ ತಿಳಿಯುವುದು.

ಅವಳನ್ನು ನೋಡುವ, ಧಾರವಾಡ ಕಡೆಯ ಡಾಕ್ಟರಮ್ಮ ಒಮ್ಮೆ ಬಿಡಿಸಿ ಹೇಳಿದರು. ಮೆದುಳಿನಲ್ಲಿ ಓಡು ಓಡು ಎಂದು ಹುರಿದುಂಬಿಸುವ ಜೀವಕೋಶಗಳಿವೆ. ಸಾಕು, ತಡಿ ಎಂದು ಅವನ್ನು ಹದದಲ್ಲಿಡುವ ಜೀವಕೋಶಗಳೂ ಇವೆ. ಆಟಿಸಂನಲ್ಲಿ, ಕೆಲವು ಮನೋರೋಗಗಳಲ್ಲಿಯೂ, ಆ ಹದ ತಪ್ಪಿರಬಹುದೇ ಎಂದು ಹುಡುಕುತ್ತಿದ್ದಾರಂತೆ.

ಕಾಕಾ ಕುರ್ಚಿ ಮುಂದೆಳೆದುಕೊಂಡರು. "ಅಂದ್ರ ಡ್ರೈವರ್ ಮಂದಿ ಭಾಳ, ಕಂಡಕ್ಟರ್ ಮಂದಿ ಕಮ್ಮಿ. ಹೌದಿಲ್ರಿ?"

ಅಷ್ಟು ಸರಳವಲ್ಲ ಎಂದರು ಅವರು. ಕಾಕಾ ಬಿಡಬೇಕಲ್ಲ!

"ಕಮ್ಮಿ ಅದಾರೋ, ಇದ್ದೂ ಬೆಲ್ ಹೊಡೀವಲ್ರೋ? ಇಲ್ಲಾ ಬೆಲ್ ಹೊಡದ್ರೂ ಡ್ರೈವರಗ ಕೇಳವಲ್ದೋ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಜ್ಜಾರ, ಇದನ್ನ ನಾವೂ ಕೇಳಾಕತ್ತೇವಿ. ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ."

ಉತ್ತರ ಸಿಗುವ ತನಕ ಗಾಡಿಯನ್ನು ಡಿಪೋದಲ್ಲಿ ನಿಲ್ಲಿಸಿಕೊಂಡು ಕೂರುವವರೇ ಕಾಕಾ? ಮರುದಿನದಿಂದ ಊಟದ ಹೊತ್ತಿಗೆ ಮಗಳ ಮುಂದೆಯೂ ಒಂದು ಲೋಟ, ಒಂದು ಚಮಚ. ಅವಳ ಕೈ ಹಿಡಿದು ಕಲಿಸಲಿಲ್ಲ, ಮುಟ್ಟಿದರೆ ಅವಳಿಗಾಗದು. ಪಕ್ಕದಲ್ಲಿ ಕೂತು ತಾವು ಬಡಿಯುತ್ತ ಹೋದರು, ತಿಂಗಳುಗಟ್ಟಲೆ. ಅವಳು ಚಮಚವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಅಷ್ಟೇ. ಕೂಸಿಗೂ ಈ ಹುಚ್ಚು ಹಚ್ಚಬೇಡಿ ಎಂದು ಕಾಕು ದಿನಾ ಗದರುತ್ತಿದ್ದರು.

ಮೊನ್ನೆ ಭಾನುವಾರ. ಮಿಕ್ಸರಿನಲ್ಲಿ ಶೇಂಗಾ ಚಟ್ನಿ, ಟಿವಿಯಲ್ಲಿ ಕ್ರಿಕೆಟ್ಟು, ಕಾಕಾನ ಬಾಯಲ್ಲಿ ರೊಟ್ಟಿಯ ತುತ್ತಿನ ಜೊತೆಗೇ ಲೋಣಾವಳಾದ ಮದುವೆ, ಅದರ ಮೇಲೆ ಕಾಕುವಿನ ಬೈಗುಳ. ಮಗಳ ಕೈ ಬಾಯಿಯ ಹತ್ತಿರ ಹೋಯಿತು. ನಾನು ಏಳುವಷ್ಟರಲ್ಲಿ ಆ ಕೈ ಕೆಳಗಿಳಿದು ಚಮಚ ಹಿಡಿಯಿತು.

ಟಣ್.

ಮಿಕ್ಸರು ನಿಂತಿತು. ಟಿವಿ ನಿಂತಿತು. ನಲವತ್ತು ವರ್ಷ ಯಾವ ಬೆಲ್ಲಿಗೂ ನಿಲ್ಲದ ಕಾಕು ಅರ್ಧ ಬೈಗುಳದಲ್ಲೇ ನಿಂತರು. ಕಾಕಾ ಬಾಯಲ್ಲಿದ್ದ ತುತ್ತನ್ನು ಅಗಿಯಲೂ ಇಲ್ಲ. ಕಣ್ಣು ಮಾತ್ರ ತುಂಬಿ ಹರಿಯುತ್ತಿತ್ತು. ಡಬಲ್ ಬೆಲ್ ಇಲ್ಲದೆ ಎಂದೂ ಗಾಡಿ ಬಿಟ್ಟವರಲ್ಲ ಅವರು. ಚಮಚ ಅವಳ ಕೈಯಲ್ಲಿತ್ತು. ನಾವೆಲ್ಲ ಕಾಯುತ್ತ ಕೂತೆವು.